ಎಂಟರಲ್ಲಿ ಒಬ್ಬ ಕಳ್ಳ

ಈ ವಾರ ನನ್ನದೊಂದು ತಪ್ಪೊಪ್ಪಿಗೆ. ಮಕ್ಕಳು ಓದಿ ನಗಲಿ, ನನ್ನ ವಯಸ್ಸಿನವರು ಓದಿ ಎಚ್ಚರವಾಗಲಿ.

ನಮ್ಮ ಮನೆಯ ಕಂಪ್ಯೂಟರ್ ಬೆಳಿಗ್ಗೆ ನನ್ನದು, ಸಂಜೆ ಏಳನೇ ತರಗತಿಯ ಮೊಮ್ಮಗನದು. ಕಳೆದ ತಿಂಗಳಿಂದ ಅದಕ್ಕೇನೋ ಆಗಿತ್ತು. ಒಂದು ಪುಟ ತೆರೆಯಲು ಒತ್ತಿ, ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದರೂ ಪರದೆ ಬೆಳ್ಳಗೇ ಇರುತ್ತಿತ್ತು. ಒಳಗಿನ ಫ್ಯಾನ್ ಬೇರೆ ಹಳೇ ಮಿಕ್ಸಿಯ ಹಾಗೆ ಗುಂಯ್‌ಗುಡುತ್ತಿತ್ತು.

ಒಂದು ಭಾನುವಾರ, ದೂರದೂರಿನ ಮಗಳೊಡನೆ ವಿಡಿಯೊದಲ್ಲಿ ಮಾತಾಡುತ್ತಿದ್ದಾಗ ಅವಳ ಮುಖ ಚಿತ್ರದಂತೆ ನಿಂತೇಬಿಟ್ಟಿತು. ನನ್ನ ಸಿಟ್ಟು ನೆತ್ತಿಗೇರಿತು. "ಎಲ್ಲ ನಿನ್ನ ಆಟಗಳಿಂದಲೇ ಕಣೋ! ಇನ್ನು ಇದನ್ನು ಮುಟ್ಟಬೇಡ" ಎಂದು ಮೊಮ್ಮಗನ ಮೇಲೆ ರೇಗಿದೆ. ಅವನು ಒಂದು ಮಾತೂ ಆಡಲಿಲ್ಲ. ಮೂರು ದಿನ ಆ ಕಡೆ ಸುಳಿಯಲೂ ಇಲ್ಲ. ಆದರೂ ಕಂಪ್ಯೂಟರ್ ಹಾಗೆಯೇ ತೆವಳುತ್ತಿತ್ತು. ಅಲ್ಲೇ ನನಗೆ ಅರ್ಥವಾಗಬೇಕಿತ್ತು.

ನಾಲ್ಕನೇ ದಿನ ಅವನೇ ಬಂದ. "ಅಜ್ಜಿ, ನಾನು ಮುಟ್ಟಲ್ಲ. ಹೇಳ್ತೀನಿ, ನೀನೇ ಒತ್ತು" ಎಂದ.

ಮೊದಲು ಬ್ರೌಸರ್ ಮುಚ್ಚಿಸಿ, ನನ್ನ ಹಳೆಯ ಫೋಟೊಗಳನ್ನು ತೆರೆಸಿದ. ಚಕಚಕನೆ ತೆರೆದವು. "ಹಾಗಾದ್ರೆ ಕಂಪ್ಯೂಟರ್ ಚೆನ್ನಾಗೇ ಇದೆ. ತೊಂದರೆ ಇರೋದು ಬ್ರೌಸರ್‌ನಲ್ಲಿ."

ನಮ್ಮದು ಕ್ರೋಮ್. ಅದರಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಸಿದ. ನಾವಾಗಿ ಅನುಮತಿ ಕೊಟ್ಟಿರದಿದ್ದರೆ ಆ ಕಿಟಕಿಯಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಎಕ್ಸ್‌ಟೆನ್ಷನ್ ಎಂದರೆ ಬ್ರೌಸರ್‌ಗೆ ನಾವು ಅಂಟಿಸಿಕೊಳ್ಳುವ ಪುಟ್ಟ ಸಹಾಯಕ ಪ್ರೋಗ್ರಾಮು. ಕೆಲವರು ಪ್ಲಗಿನ್ ಎಂದೂ ಕರೆಯುತ್ತಾರೆ. ಅಲ್ಲಿ ಪುಟಗಳು ಸರಸರನೆ ಬಂದವು! ಕಳ್ಳ ಈ ಸಹಾಯಕರ ಗುಂಪಿನಲ್ಲೇ ಇದ್ದಾನೆ ಎಂದಾಯಿತು.

ವಿಳಾಸದ ಪಟ್ಟಿಯ ಬಲಗಡೆ ಇರುವ ಜಿಗ್‌ಸಾ ತುಂಡಿನ ಚಿತ್ರ ಒತ್ತಿ ಪಟ್ಟಿ ತೆರೆದೆವು. ಎಂಟು ಹೆಸರು. "ಒಂದೊಂದಾಗಿ ಆರಿಸಿ ನೋಡೋಣ" ಎಂದೆ.

"ಬೇಡ ಅಜ್ಜಿ. ಬಸ್ಸಿನಲ್ಲಿ ನೀನೇ ಹೇಳಿಕೊಟ್ಟ ಆಟ ಇದೆಯಲ್ಲ?"

1ರಿಂದ 100ರೊಳಗೆ ಒಂದು ಸಂಖ್ಯೆ ನೆನೆಸಿಕೊಂಡರೆ, "50ಕ್ಕಿಂತ ದೊಡ್ಡದೇ?" ಎಂದು ಪ್ರತಿಸಲವೂ ಅರ್ಧರ್ಧ ಮಾಡುತ್ತ ಹೋಗಿ ಏಳೇ ಪ್ರಶ್ನೆಗಳಲ್ಲಿ ಹಿಡಿಯುವ ಆಟ. ಅದನ್ನೇ ಇಲ್ಲಿ ಆಡಿದೆವು. ನಾಲ್ಕನ್ನು ಆರಿಸಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆದೆವು. ಇನ್ನೂ ನಿಧಾನ. ಅಂದರೆ ಕಳ್ಳ ಉಳಿದ ನಾಲ್ಕರಲ್ಲಿದ್ದಾನೆ. ಅವುಗಳಲ್ಲಿ ಎರಡನ್ನು ಆರಿಸಿದೆವು. ವೇಗ ಬಂತು! ಆರಿಸಿದ ಆ ಎರಡರಲ್ಲಿ ಒಂದನ್ನು ಮತ್ತೆ ಹಾಕಿದೆವು. ಫ್ಯಾನ್ ಗುಂಯ್ ಎಂದಿತು. ಮೂರೇ ಪ್ರಯತ್ನಕ್ಕೆ ಸಿಕ್ಕಿಬಿದ್ದ. ಮಕ್ಕಳೇ, ಹದಿನಾರು ಇದ್ದಿದ್ದರೆ ಎಷ್ಟು ಪ್ರಯತ್ನ ಬೇಕಿತ್ತು? ಲೆಕ್ಕ ಹಾಕಿ ನೋಡಿ.

ಕಳ್ಳನ ಹೆಸರು ಓದಿ ನನ್ನ ಮುಖ ಸಪ್ಪಗಾಯಿತು. ಎಲ್ಲಿ ರಿಯಾಯಿತಿ ಇದೆ ಎಂದು ಹುಡುಕಿಕೊಡುವ ಎಕ್ಸ್‌ಟೆನ್ಷನ್ ಅದು. ಹೋದ ತಿಂಗಳು ಕುಕ್ಕರ್ ಕೊಳ್ಳುವಾಗ, ನಾಲ್ಕು ಕಾಸು ಉಳಿಯುತ್ತದೆಂದು ನಾನೇ ಹಾಕಿಕೊಂಡಿದ್ದೆ. "ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಿಸಬಹುದು" ಎಂಬ ಸೂಚನೆ ಬಂದಿತ್ತು. ಓದದೆಯೇ ಒಪ್ಪಿಗೆ ಒತ್ತಿದ್ದೆ. ದಿನಪತ್ರಿಕೆ ನಿಮ್ಮ ಕೈಗೆ ಬರುವ ಮೊದಲು ಬಾಗಿಲಲ್ಲಿ ಒಬ್ಬ ಕುಳಿತು ಪ್ರತಿ ಸಾಲನ್ನೂ ಓದಿ ಕೊಟ್ಟರೆ ಹೇಗೆ? ಹಾಗೇ ಇತ್ತು ಇದರ ಕೆಲಸ. ನಾನು ತೆರೆದ ಪ್ರತಿ ಪುಟದಲ್ಲೂ ತಾನೂ ಬಂದು ಕೂರುತ್ತಿತ್ತು. ಮೊಮ್ಮಗನ ಆಟವೋ, ಆ ಪುಟ ಮುಚ್ಚಿದರೆ ಮುಗಿಯುತ್ತಿತ್ತು.

ಆ ಎಕ್ಸ್‌ಟೆನ್ಷನ್ ತೆಗೆದುಹಾಕಿ, ಉಳಿದವನ್ನು ಮತ್ತೆ ಹಾಕಿದೆವು. ನಿಮ್ಮ ಮನೆಯಲ್ಲೂ ಹೀಗಾದರೆ ಇದೇ ಕ್ರಮದಲ್ಲಿ ಹುಡುಕಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿಯೂ ಕಾಣುತ್ತದೆ. ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿಲ್ಲದೆ ತೆರೆಯಲು ಸಹಾಯ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ. ಒಂದು ಎಚ್ಚರಿಕೆ: ಮೊದಲು ಆರಿಸಿ ನೋಡಿ, ಖಚಿತವಾದ ಮೇಲಷ್ಟೇ ತೆಗೆಯಿರಿ. ಪಾಸ್‌ವರ್ಡ್ ನೆನಪಿಡುವ ಎಕ್ಸ್‌ಟೆನ್ಷನ್ ಇದ್ದರೆ ಅವಸರದಲ್ಲಿ ಕಿತ್ತುಹಾಕಬೇಡಿ.

ಕೊನೆಗೆ ಉಳಿದದ್ದು ನನ್ನ ಕೆಲಸ. "ತಪ್ಪಾಯ್ತು ಕಣೋ ಮರಿ. ವಿಚಾರಿಸದೆ ನಿನ್ನನ್ನು ಬೈದೆ" ಎಂದೆ. ಎಂಟು ಎಕ್ಸ್‌ಟೆನ್ಷನ್‌ಗಳನ್ನು ಪರೀಕ್ಷೆ ಮಾಡಿ ಕಳ್ಳನನ್ನು ಹಿಡಿದೆವು. ಮಗುವಿನ ಮೇಲೆ ತಪ್ಪು ಹೊರಿಸುವಾಗ ನಾನು ಒಂದು ಪರೀಕ್ಷೆಯನ್ನೂ ಮಾಡಿರಲಿಲ್ಲ.

"ಕೋಪ ಹೋಯ್ತೇನೋ?" ಎಂದು ಕೇಳಿದೆ.

"ಇವತ್ತು ಒಂದು ಗಂಟೆ ಜಾಸ್ತಿ ಆಟ ಆಡಿದ್ರೆ ಹೋಗುತ್ತೆ" ಎಂದ.

ಅರ್ಧ ಗಂಟೆಗೆ ರಾಜಿಯಾಯಿತು.