ಉಪ್ಪಿನ ಕಾವು, ಕೊಪ್ಪರಿಗೆಯ ಬಾಳು

ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವಾಗ ನಮ್ಮ ಮನೆಗಳ ಹಿರಿಯ ಹೆಂಗಸರು ಭರಣಿಯನ್ನು ಹುಡುಕುತ್ತಾರೆಯೇ ಹೊರತು ಕಬ್ಬಿಣದ ಡಬ್ಬಿಯನ್ನಲ್ಲ. ಉಪ್ಪು ಲೋಹವನ್ನು ತಿನ್ನುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಗಲಿನ ಬಿಸಿಲನ್ನು ಶಾಖವಾಗಿ ಕೂಡಿಟ್ಟು ರಾತ್ರಿ ವಿದ್ಯುತ್ ಪಡೆಯುವುದಕ್ಕಾಗಿ, ಸಾವಿರಾರು ಟನ್ ಉಪ್ಪನ್ನು ಕರಗಿಸಿ ಉಕ್ಕಿನ ಕೊಪ್ಪರಿಗೆಗಳಲ್ಲಿ ತುಂಬಿಡುವ ಸ್ಥಾವರಗಳು ಇಂದು ಹಲವು ದೇಶಗಳಲ್ಲಿವೆ.

ಇದು ಅಡುಗೆಯ ಉಪ್ಪಲ್ಲ. ನೂರಕ್ಕೆ 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್. ಗೋಪುರದ ಸ್ಥಾವರಗಳಲ್ಲಿ ಇದು 565 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಶಾಖವನ್ನು ಹಬೆಗೆ ಕೊಟ್ಟು ಸುಮಾರು 290 ಡಿಗ್ರಿಗೆ ಇಳಿದಾಗ ಎರಡನೆಯ ಕೊಪ್ಪರಿಗೆಯನ್ನು ಸೇರುತ್ತದೆ. ಈ ಎರಡನೆಯದಕ್ಕೆ ಸಾಧಾರಣ ಉಕ್ಕು ಸಾಕು. ಮೊದಲನೆಯದಕ್ಕೆ ಕ್ರೋಮಿಯಂ, ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕೇ ಬೇಕು. ಅದರ ಮೈಮೇಲೆ ಕಟ್ಟುವ ಆಕ್ಸೈಡಿನ ಪೊರೆಯೇ ಅದಕ್ಕೆ ರಕ್ಷೆ. ಉಪ್ಪಿನಲ್ಲಿ ಕ್ಲೋರೈಡಿನ ಕಲ್ಮಶ ಹೆಚ್ಚಿದರೆ, ಕಾವು ಮಿತಿ ಮೀರಿದರೆ, ಸವೆತವೂ ಹೆಚ್ಚುತ್ತದೆ.

ಅಮೆರಿಕದ ನೆವಾಡದಲ್ಲಿ 110 ಮೆಗಾವಾಟಿನ ಕ್ರೆಸೆಂಟ್ ಡ್ಯೂನ್ಸ್ ಸ್ಥಾವರಕ್ಕೆ ಅಲ್ಲಿನ ಸರಕಾರ 73.7 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತ್ತು. 2016ರಲ್ಲಿ ಬಿಸಿ ಕೊಪ್ಪರಿಗೆ ಸೋರಿ ಸ್ಥಾವರ ತಿಂಗಳುಗಟ್ಟಲೆ ನಿಂತಿತು. 2020ರಲ್ಲಿ ಅದರ ಕಂಪೆನಿ ದಿವಾಳಿಯಾಯಿತು. ಮೊರಾಕ್ಕೋದ ನೂರ್-3 ಸ್ಥಾವರವೂ 2024ರಲ್ಲಿ ಇಂತಹದೇ ಸೋರಿಕೆಯಿಂದ ನಿಂತಿತು.

ಇದಕ್ಕೆಲ್ಲ ಸವೆತವೊಂದನ್ನೇ ದೂರುವುದು ಸರಿಯಲ್ಲ. ತಳದ ತಗಡು ಕಾದು ಹಿಗ್ಗಿ, ತಣಿದು ಕುಗ್ಗಿ ಬೆಸುಗೆ ಬಿರಿಯುವುದೂ ಉಂಟು. ಪ್ರಯೋಗಾಲಯದಲ್ಲಿ ಉಕ್ಕಿನ ತುಂಡೊಂದನ್ನು ಉಪ್ಪಿನಲ್ಲಿ ಮುಳುಗಿಸಿ ಸವೆತ ಅಳೆದ ಮಾತ್ರಕ್ಕೆ ಕೊಪ್ಪರಿಗೆಯ ಆಯುಷ್ಯ ತಿಳಿಯದು. ಅದು ತಿಳಿಯುವುದು ಸೋರಿದ ಕೊಪ್ಪರಿಗೆಯನ್ನು ಬಿಚ್ಚಿ ನೋಡಿದಾಗ. ಆದುದರಿಂದ, ಸಾರ್ವಜನಿಕ ಹಣ ತೊಡಗಿಸಿದ ಇಂತಹ ಯೋಜನೆಗಳಲ್ಲಿ ಸೋಲಿನ ವರದಿಯೂ ಸಾರ್ವಜನಿಕರ ಸೊತ್ತಾಗಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದನ್ನು ವ್ಯಾಪಾರದ ಗುಟ್ಟೆಂದು ಮುಚ್ಚಿಟ್ಟರೆ ಮುಂದಿನವನೂ ಅದೇ ತಪ್ಪಿಗೆ ಹಣ ತೆರಬೇಕಾದೀತು.

ಇದು ದೂರದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಜಿಲ್ಲೆಯ ಅಂಬಲತ್ತರ, ಪೈವಳಿಕೆಗಳ ಸೌರಫಲಕಗಳೂ ಮುಸ್ಸಂಜೆಯಾದೊಡನೆ ಸುಮ್ಮನಾಗುತ್ತವೆ. ಮನೆಮನೆಗಳಲ್ಲಿ ದೀಪ ಹತ್ತುವುದು ಆ ಮೇಲೆಯೇ. ಉಪ್ಪಿನಲ್ಲಾಗಲಿ, ಬ್ಯಾಟರಿಯಲ್ಲಾಗಲಿ, ಶಕ್ತಿಯನ್ನು ಕೂಡಿಡುವ ಯೋಜನೆ ಯಾರೇ ತರಲಿ, ಎಷ್ಟು ಮೆಗಾವಾಟ್ ಎಂದು ಕೇಳುವ ಮೊದಲು ಪಾತ್ರೆ ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಹೊಣೆ ಯಾರದು ಎಂದು ಕೇಳೋಣ. ಭರಣಿಯನ್ನು ತಟ್ಟಿ ನೋಡಿಯೇ ಕೊಳ್ಳುವ ಜನ ನಾವಲ್ಲವೆ?