ಎಣ್ಣೂರಿಗಿಲ್ಲದ ನಿಯಮ 7.1ಬಿ

ಗಾಲ್ಫ್ ಚೆಂಡು ಬಂಕರಿನ ಮರಳಲ್ಲಿ ಹುದುಗಿಹೋದರೆ ಏನು ಮಾಡಬೇಕೆಂದು ನಿಯಮಪುಸ್ತಕ ತಡವರಿಸದೆ ಹೇಳುತ್ತದೆ. ಮರಳು ಸರಿಸಿ ಹುಡುಕಬಹುದು. ಗಡುವು ಮೂರು ನಿಮಿಷ. 2019ಕ್ಕೆ ಮುಂಚೆ ಐದು ಇತ್ತು. ಹುಡುಕುವಾಗ ಚೆಂಡು ಅಕಸ್ಮಾತ್ತಾಗಿ ಜರುಗಿದರೆ ದಂಡವಿಲ್ಲ, ಇದ್ದಲ್ಲೇ ಮತ್ತೆ ಇಟ್ಟರಾಯಿತು. ಆದರೆ ಹೊಡೆಯುವ ಮುನ್ನ ಮರಳನ್ನು ಮೊದಲಿದ್ದಂತೆಯೇ ಮಾಡಬೇಕು. ಚೆಂಡಿನ ಒಂದು ಚೂರು ಕಾಣುವಂತೆ ಬಿಟ್ಟುಕೊಳ್ಳಬಹುದು, ಅಷ್ಟೇ ರಿಯಾಯಿತಿ. ಸರಿಪಡಿಸದೆ ಹೊಡೆದರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತಗಳ ದಂಡ. ಇದೇ ನಿಯಮ 7.1ಬಿ.

ಉಳ್ಳವರ ಚಪಲವೆಂದು ನಗಬೇಕಿಲ್ಲ. ಬೆಂಗಳೂರಿನ ನಡುವೆಯೇ 1876ರಿಂದ ಗಾಲ್ಫ್ ಕ್ಲಬ್ ಇದೆ. ಕದಡಿದವನೇ ಸರಿಪಡಿಸಬೇಕೆಂಬ ಮಾತಿನಲ್ಲಿ ನಗುವಂಥದ್ದೇನೂ ಇಲ್ಲ. ನಗು, ಅದೂ ಕಹಿ ನಗು, ಬರುವುದು ಈ ಮಾತನ್ನು ಚೆನ್ನೈನ ಉತ್ತರದ ತುದಿಗೆ, ಎಣ್ಣೂರಿಗೆ ಒಯ್ದಾಗ.

ಅಲ್ಲೂ ಹುಡುಕಾಟ ನಡೆಯುತ್ತದೆ. ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರಿಗಿಳಿದು, ಕೆಸರನ್ನು ಬರಿಗೈಯಿಂದ ತಡಕಾಡಿ ಸಿಗಡಿ ಹಿಡಿಯುವವರಿದ್ದಾರೆ; ಇರುಳ ಸಮುದಾಯದವರೂ ಅವರಲ್ಲಿದ್ದಾರೆ. ಬಲೆಯಿಲ್ಲ, ಬೆರಳೇ ಕಣ್ಣು. ಆ ಬೆರಳಿಗೆ ಈಗ ಹಾರುಬೂದಿ ತಗಲುತ್ತದೆ. ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಕೊಳವೆಗಳು ವರ್ಷಗಟ್ಟಲೆ ಸೋರಿ ಅಳಿವೆಯ ತಳ ಮುಚ್ಚಿದೆ, ಆಳ ಕುಗ್ಗಿದೆ. ಉಡುಪಿಯ ಎಲ್ಲೂರಿನವರಿಗೆ ಈ ಬೂದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಾಲದ್ದಕ್ಕೆ 2017ರ ಜನವರಿಯಲ್ಲಿ ಕಾಮರಾಜರ್ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ಸೋರಿತು. ಅದನ್ನು ಜನ ಬಕೆಟ್ಟಿನಲ್ಲಿ ಬಾಚಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜತೆ ಮಣಲಿಯ ಕಡೆಯಿಂದ ಮತ್ತೆ ಎಣ್ಣೆ ಬಂತು. ಊರಿನ ಹೆಸರಲ್ಲೇ ಎಣ್ಣೆಯಿದೆ ಎಂದು ಯಾರೂ ತಮಾಷೆ ಮಾಡದಿರಲಿ.

2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಬೂದಿ ಮಾಲಿನ್ಯಕ್ಕೆ ರಾಜ್ಯದ ವಿದ್ಯುತ್ ಸಂಸ್ಥೆಯನ್ನೇ ಹೊಣೆ ಮಾಡಿತು. ಹೊಣೆ ಯಾರದೆಂಬ ಚರ್ಚೆ ಅಲ್ಲಿಗೆ ಮುಗಿಯಬೇಕಿತ್ತು. ಈಗಿನ ನೆಪ ಬೇರೆ: ಅಳಿವೆಯೆಂದರೆ ಬಂಕರ್ ಅಲ್ಲ, ಉಬ್ಬರ ಇಳಿತಗಳಿರುವ ಜೀವಂತ ನೀರು, ಅದನ್ನು ಮೊದಲಿದ್ದಂತೆ ಮಾಡಲು ಯಾರಿಂದ ಸಾಧ್ಯ?

ಮಾತು ನಿಜವೇ. ಆದರೆ ಬಂಕರಿನಲ್ಲೂ ಒಂದೊಂದು ಕಣವನ್ನು ಹಳೆಯ ಜಾಗಕ್ಕೆ ತಂದಿಡಲು ಯಾರಿಂದಲೂ ಆಗದು. ಅಲ್ಲಿ ಅದು ನೆಪವಾಗುವುದಿಲ್ಲ. 2016ರ ಅಮೆರಿಕದ ಮಹಿಳಾ ಓಪನ್ ಪ್ಲೇಆಫ್‌ನಲ್ಲಿ ಸ್ವೀಡನ್ನಿನ ಆನ್ನಾ ನಾರ್ಡ್‌ಕ್ವಿಸ್ಟ್ ಕೋಲೆತ್ತುವಾಗ ಬಂಕರಿನ ನಾಲ್ಕಾರು ಮರಳ ಕಣ ಸವರಿದ್ದು ಕ್ಯಾಮೆರಾವನ್ನು ಹತ್ತಿರಕ್ಕೆಳೆದಾಗಷ್ಟೇ ಕಂಡಿತು. ಎರಡು ಹೊಡೆತಗಳ ದಂಡ ಬಿತ್ತು, ಪ್ರಶಸ್ತಿ ಕೈತಪ್ಪಿತು. ಬರಿಗಣ್ಣಿಗೆ ಕಾಣದ ತಪ್ಪಿಗೆ ದಂಡ ಅತಿಯಾಯಿತೆಂದು ಮರುವರ್ಷ ನಿಯಮವನ್ನೇ ಸಡಿಲಿಸಿದರು, ಸರಿಯಾಗಿಯೇ. ಎಣ್ಣೂರಿನ ಬೂದಿಗೆ ಕ್ಯಾಮೆರಾ ಬೇಕಿಲ್ಲ; ಕಾಲಿಟ್ಟರೆ ಸಾಕು.

ಒಂದಷ್ಟು ಲಾರಿ ಬೂದಿ ಸಾಗಿಸಿ ಕಡತ ಮುಚ್ಚುವುದು ಸರಿಪಡಿಸುವಿಕೆಯಲ್ಲ. ತಳ ಮೊದಲಿನ ಆಳಕ್ಕೆ ಇಳಿಯಬೇಕು, ಖರ್ಚನ್ನು ಸುರಿದವರೇ ಹೊರಬೇಕು. ಆ ಆಳ ಎಷ್ಟೆಂದು ಸಲಹಾ ಸಂಸ್ಥೆಯ ವರದಿಗಾಗಿ ಕಾಯಬೇಕಿಲ್ಲ. ಸಿಗಡಿ ಹಿಡಿಯುವ ಹಿರಿಯರನ್ನು ಕೇಳಿದರೆ ಎಲ್ಲಿ ಸೊಂಟಮಟ್ಟ, ಎಲ್ಲಿ ಎದೆಮಟ್ಟ ಎಂದು ಮೈ ಮುಟ್ಟಿಯೇ ತೋರಿಸಿಯಾರು.