ಗೆದ್ದ ದಿನದ ಮಾತು



ಆಟ ಮುಗಿದರೂ ಆಟದ ಮಾತು ಮುಗಿಯುವುದಿಲ್ಲ. ಅಂಗಣದ ದೀಪಗಳು ಆರಿ, ಆಟಗಾರರು ಮನೆ ಸೇರಿ ಎಷ್ಟೋ ಹೊತ್ತಾದ ಮೇಲೂ ಅಭಿಮಾನಿಗಳು ಕುಳಿತಲ್ಲಿಯೇ ಆ ಪಂದ್ಯವನ್ನು ಮತ್ತೊಮ್ಮೆ ಆಡುತ್ತಿರುತ್ತಾರೆ. ಸೋತ ದಿನದ ಮಾತು ಕಹಿಯಾಗಿದ್ದರೂ ಅದರಲ್ಲಿ 'ಎಲ್ಲಿ ತಪ್ಪಿದೆವು' ಎಂಬ ಹುಡುಕಾಟವಿರುತ್ತದೆ. ಗೆದ್ದ ದಿನ ಆ ಹುಡುಕಾಟವೇ ನಿಂತುಹೋಗುತ್ತದೆ. ಗೆಲುವು ಎಂಬುದು ಫಲಕದ ಮೇಲೆ ಕಾಣುವ ಎರಡು ಅಂಕೆಗಳ ಅಂತರ. ಸುಧಾರಣೆ ಎಂಬುದು ಫಲಕದ ಮೇಲೆ ಕಾಣುವಂಥದಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಆಗುವ ಅನ್ಯಾಯ ಎಷ್ಟೆಂಬುದನ್ನು ಅಮೆರಿಕದ ಕಾಲೇಜು ತಂಡವೊಂದರ ಕಥೆ ನಮಗೆ ಚೆನ್ನಾಗಿ ತಿಳಿಸಿಕೊಡುತ್ತದೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾಲಯದ ಮಡಿಲಿನಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಬಡಿದು ಈ ಆಟವನ್ನು ರೂಪಿಸಿದರು. ಇಂದಿಗೂ ಆ ದೇಶದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಇರುವ ಅಭಿಮಾನ ಬೇರೆಯೇ ಬಗೆಯದು. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಾವಳಿಯೆಂದರೆ ಊರೂರಿಗೆ ಜಾತ್ರೆ. ನಾವು ಹೇಳಹೊರಟಿರುವ ವರ್ಷಗಳಲ್ಲಿ 68 ತಂಡಗಳು ಅದರಲ್ಲಿ ಸೆಣಸುತ್ತಿದ್ದವು. ತಂಡಗಳನ್ನು ನಾಲ್ಕು ವಿಭಾಗಗಳಾಗಿ ಮಾಡಿ, ಪ್ರತಿ ವಿಭಾಗದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಂದನೆಯ ತಂಡಕ್ಕೆ ಹದಿನಾರನೆಯ ತಂಡ ಮೊದಲ ಎದುರಾಳಿ. ಒಮ್ಮೆ ಸೋತರೆ ಮನೆಯ ದಾರಿ; ಎರಡನೆಯ ಅವಕಾಶವಿಲ್ಲ.

2018ರ ಮಾರ್ಚ್ ತಿಂಗಳಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವು 31 ಗೆಲುವು, ಎರಡೇ ಸೋಲುಗಳೊಂದಿಗೆ ಇಡೀ ಪಂದ್ಯಾವಳಿಯ ಅಗ್ರಸ್ಥಾನದಲ್ಲಿತ್ತು. ತರಬೇತುದಾರ ಟೋನಿ ಬೆನೆಟ್ ಅವರ ಪದ್ಧತಿ ತಾಳ್ಮೆಯದು. ಅವರ ತಂದೆ ಡಿಕ್ ಬೆನೆಟ್ ರೂಪಿಸಿದ ರಕ್ಷಣಾಕ್ರಮವೇ ಅದಕ್ಕೆ ಬುನಾದಿ: ಚೆಂಡನ್ನು ಹಿಡಿದವನ ಎದುರು ಒಬ್ಬನು ನಿಲ್ಲಬೇಕು, ಉಳಿದ ನಾಲ್ವರು ಬುಟ್ಟಿಯ ಸುತ್ತ ಸುಮಾರು ಐದು ಮೀಟರಿನೊಳಗೆ ಕೋಟೆಯಂತೆ ಒತ್ತಾಗಿ ನಿಂತು ಒಳದಾರಿಯನ್ನು ಮುಚ್ಚಬೇಕು. ಆ ವರ್ಷ ಎದುರಾಳಿಗಳಿಗೆ ಒಂದು ಪಂದ್ಯದಲ್ಲಿ ಅವರು ಬಿಟ್ಟುಕೊಟ್ಟದ್ದು ಸರಾಸರಿ 54 ಅಂಕ ಮಾತ್ರ. ದೇಶದಲ್ಲೆಲ್ಲ ಅದಕ್ಕಿಂತ ಕಡಿಮೆ ಬಿಟ್ಟುಕೊಟ್ಟ ತಂಡವಿರಲಿಲ್ಲ.

ಮಾರ್ಚ್ 16ರಂದು ಷಾರ್ಲಟ್ ನಗರದಲ್ಲಿ ಅವರ ಎದುರಾಳಿ ಹದಿನಾರನೆಯ ಶ್ರೇಯಾಂಕದ, ಮೇರಿಲೆಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ತಂಡ. 1985ರಲ್ಲಿ ಪಂದ್ಯಾವಳಿಯನ್ನು 64 ತಂಡಗಳಿಗೆ ವಿಸ್ತರಿಸಿದಂದಿನಿಂದ ಪುರುಷರ ವಿಭಾಗದಲ್ಲಿ ಒಂದನೆಯ ಮತ್ತು ಹದಿನಾರನೆಯ ಶ್ರೇಯಾಂಕದವರು 135 ಬಾರಿ ಎದುರಾಗಿದ್ದರು. 135 ಬಾರಿಯೂ ಒಂದನೆಯವರದೇ ಗೆಲುವು. ಅಂದು ಅರ್ಧ ಆಟ ಮುಗಿದಾಗ 21–21ರ ಸಮಬಲ. ಉತ್ತರಾರ್ಧದಲ್ಲಿ ಕೋಟೆ ಕುಸಿಯಿತು. ಇಡೀ ಪಂದ್ಯದಲ್ಲಿ 54 ಅಂಕ ಬಿಟ್ಟುಕೊಡುತ್ತಿದ್ದವರು ಕೇವಲ ಇಪ್ಪತ್ತು ನಿಮಿಷಗಳಲ್ಲಿ 53 ಅಂಕ ಬಿಟ್ಟುಕೊಟ್ಟರು. ಕೊನೆಯ ಫಲಿತಾಂಶ 74–54. ಇತಿಹಾಸದಲ್ಲಿ ಹಾಗೆ ಸೋತ ಮೊದಲ ಪುರುಷರ ತಂಡವೆಂಬ ಹಣೆಪಟ್ಟಿ ವರ್ಜೀನಿಯಾಕ್ಕೆ ಅಂಟಿತು.

ಪ್ರಮುಖ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗುಳಿದಿದ್ದನೆಂಬುದು ನಿಜ. ಆದರೆ ಬಲ್ಲ ಅಭಿಮಾನಿಗಳಿಗೆ ಅದಕ್ಕಿಂತ ಆಳದ ಸಂಶಯವೊಂದಿತ್ತು. ನಿಧಾನವಾಗಿ ಆಡುವವರು ಮುಂದಿರುವಾಗ ಸೊಗಸು. ಹಿಂದೆ ಬಿದ್ದಾಗ ಅಂತರವನ್ನು ತುಂಬಿಕೊಳ್ಳುವ ವಿದ್ಯೆ ಅವರಲ್ಲಿ ಇದೆಯೇ? ಆ ರಾತ್ರಿ ಇರಲಿಲ್ಲ. ಹಿಂದೆ ಬಿದ್ದೊಡನೆ ಆತುರ ಹುಟ್ಟಿತು. ಮೂರಂಕದ ಗೆರೆಯಾಚೆಯಿಂದ 22 ಸಲ ಎಸೆದರು, ನಾಲ್ಕೇ ಬುಟ್ಟಿಗೆ ಬಿದ್ದವು. ಸೋಲಿನ ನಿಜವಾದ ಕಾರಣ ಅಲ್ಲಿತ್ತು.

ಕೆಟ್ಟವನಿಗೆ ಆಳಿಗೊಂದು ಕಲ್ಲು ಎನ್ನುತ್ತದೆ ನಮ್ಮ ಗಾದೆ. ಇಪ್ಪತ್ತರ ಆಸುಪಾಸಿನ ಆ ಹುಡುಗರ ಮೇಲೆ ದೇಶವೆಲ್ಲ ನಗೆಯ ಕಲ್ಲುಗಳು ಬಿದ್ದವು. ಕೈಲ್ ಗೈ ಎಂಬ ಆಟಗಾರ ತಾನು ಅನುಭವಿಸುತ್ತಿದ್ದ ಮಾನಸಿಕ ಆತಂಕವನ್ನು ಕುರಿತು ಅದೇ ವರ್ಷ ಬಹಿರಂಗ ಪತ್ರವೊಂದನ್ನು ಬರೆದ. ಗಟ್ಟಿಮುಟ್ಟಾದ ಹುಡುಗನೊಬ್ಬ 'ನನಗೆ ಭಯವಾಗುತ್ತದೆ' ಎಂದು ಬರೆಯುವುದು ಸುಲಭವಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಎತ್ತು ಎಡವಿದಾಗ ಬಾರುಕೋಲು ಹಿಡಿಯುತ್ತಾರೆ. ಎತ್ತಿನ ಮೈಮೇಲಿನ ಬಾಸುಂಡೆ ಅವರಿಗೆ ಕಾಣುವುದಿಲ್ಲ.

ಬೆನೆಟ್ ಅವರು ಸೋಲಿಗೆ ನೆಪ ಹುಡುಕಲಿಲ್ಲ. ಎದುರಾಳಿಗಳು ನಮಗಿಂತ ಚೆನ್ನಾಗಿ ಆಡಿದರೆಂದು ಒಪ್ಪಿಕೊಂಡರು. ವಿನಯ, ಉತ್ಸಾಹ, ಒಗ್ಗಟ್ಟು, ಸೇವೆ, ಕೃತಜ್ಞತೆ ಎಂಬ ಐದು ಗುಣಗಳನ್ನು ಅವರು ತಂಡದ ಕಂಬಗಳೆಂದು ಕರೆಯುತ್ತಿದ್ದರು. ಕಷ್ಟವನ್ನು ಸರಿಯಾಗಿ ಬಳಸಿಕೊಂಡರೆ ಬೇರೆ ಯಾವ ದಾರಿಯಿಂದಲೂ ತಲುಪಲಾಗದ ಸ್ಥಳಕ್ಕೆ ಅದೇ ನಮ್ಮನ್ನು ಒಯ್ಯುತ್ತದೆಂಬ ಮಾತನ್ನು ಹುಡುಗರಿಗೆ ಮತ್ತೆ ಮತ್ತೆ ಹೇಳಿದರು. ಕೈಲ್ ಗೈ ಆ ರಾತ್ರಿ ತಾನು ಸೋತು ಬಾಗಿ ನಿಂತಿದ್ದ ಚಿತ್ರವನ್ನೇ ತನ್ನ ಮೊಬೈಲಿನ ಪರದೆಯ ಮೇಲೆ ಇಟ್ಟುಕೊಂಡ. ಮರೆಯುವುದು ಸುಲಭದ ದಾರಿ. ಅವನು ಅದನ್ನು ಹಿಡಿಯಲಿಲ್ಲ.

ಬರೀ ಮಾತಿನಿಂದ ಬುಟ್ಟಿಗೆ ಚೆಂಡು ಬೀಳದು. ಮುಂದಿನ ವರ್ಷ ಬೆನೆಟ್ ಅವರು ರಕ್ಷಣೆಯನ್ನು ಹಾಗೆಯೇ ಉಳಿಸಿಕೊಂಡು ಆಕ್ರಮಣದ ಕ್ರಮಕ್ಕೆ ಹೊಸತನ್ನು ಸೇರಿಸಿದರು. ಹಿಂದೆ ಚೆಂಡಿಲ್ಲದ ಆಟಗಾರರು ಸಂಗಾತಿಗಳ ಮರೆಯಲ್ಲಿ ಸುತ್ತಿ ಓಡಿ ಎಸೆತದ ಜಾಗ ಹುಡುಕುತ್ತಿದ್ದರು. ಈಗ ಚೆಂಡು ಹಿಡಿದವನಿಗೇ ಸಂಗಾತಿಯೊಬ್ಬ ಅಡ್ಡ ನಿಂತು ದಾರಿ ಬಿಡಿಸಿಕೊಡುವ ಕ್ರಮವನ್ನು ಹೆಚ್ಚಾಗಿ ಬಳಸತೊಡಗಿದರು. ಟೈ ಜೆರೋಮ್, ಕೈಲ್ ಗೈ, ಹಂಟರ್ ಮೂವರಿಗೂ ಇದು ಒಗ್ಗಿತು. ಆರಡಿಯೂ ಎತ್ತರವಿಲ್ಲದ ಕಿಹೈ ಕ್ಲಾರ್ಕ್ ಎಂಬ ಮೊದಲ ವರ್ಷದ ವಿದ್ಯಾರ್ಥಿ ಚೆಂಡನ್ನು ಮುನ್ನಡೆಸುವ ಹೊಣೆಯಲ್ಲಿ ಪಾಲುಗಾರನಾದ. ಹಿಂದೆ ಬಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಅಭ್ಯಾಸದ ಅಂಗಣದಲ್ಲಿ ಉತ್ತರ ಸಿದ್ಧವಾಗುತ್ತಿತ್ತು.

ಆದರೆ ಆ ಉತ್ತರ ಸರಿಯೇ ತಪ್ಪೇ ಎಂಬುದು ಋತುವಿನ ನಡುವಿನ ಗೆಲುವುಗಳಿಂದ ತಿಳಿಯುವಂತಿರಲಿಲ್ಲ. ಹಿಂದಿನ ವರ್ಷವೂ ಅವರು ಹಾಗೆಯೇ ಗೆದ್ದುಬಂದಿದ್ದರಲ್ಲವೇ? ಪರೀಕ್ಷೆ ನಡೆಯಬೇಕಾದದ್ದು ಎಡವಿದ ಹೊಸ್ತಿಲಲ್ಲಿಯೇ.

2019ರ ಮಾರ್ಚ್ 22. ದಕ್ಷಿಣ ಕೆರೊಲಿನಾದ ಕೊಲಂಬಿಯಾ ನಗರ. ಮತ್ತೆ ವರ್ಜೀನಿಯಾ ಒಂದನೆಯ ಶ್ರೇಯಾಂಕ, ಮತ್ತೆ ಎದುರಾಳಿ ಹದಿನಾರನೆಯ ಶ್ರೇಯಾಂಕದ ತಂಡ, ಹೆಸರು ಗಾರ್ಡ್‌ನರ್–ವೆಬ್. ಮೊದಲ ಅರ್ಧದಲ್ಲಿ ವರ್ಜೀನಿಯಾ 14 ಅಂಕ ಹಿಂದೆ ಬಿತ್ತು. ವಿರಾಮದ ವೇಳೆಗೆ 36–30. ಇನ್ನೂ ಆರು ಅಂಕಗಳ ಹಿನ್ನಡೆ. ಅಭಿಮಾನಿಗಳ ಹೊಟ್ಟೆಯಲ್ಲಿ ಏನಾಗಿರಬಹುದೆಂದು ವಿವರಿಸಬೇಕಾಗಿಲ್ಲ. ಅದೇ ಹಾಡು, ಅದೇ ರಾಗ ಎಂದು ಎಷ್ಟು ಜನ ಎದ್ದುಹೋಗುವ ಮನಸ್ಸು ಮಾಡಿದರೋ!

ಈ ಸಲ ಹುಡುಗರಲ್ಲಿ ಆತುರ ಕಾಣಲಿಲ್ಲ. ಕೋಟೆ ಮತ್ತೆ ಗಟ್ಟಿಯಾಯಿತು. ಉತ್ತರಾರ್ಧದಲ್ಲಿ ಎದುರಾಳಿಗಳಿಗೆ ಸಿಕ್ಕಿದ್ದು 20 ಅಂಕ, ವರ್ಜೀನಿಯಾ ಗಳಿಸಿದ್ದು 41. ಕೊನೆಗೆ 71–56ರ ಗೆಲುವು. ಹಂಟರ್ 23 ಅಂಕ ಗಳಿಸಿದರೆ, ಗಿನಿ ದೇಶದಿಂದ ಬಂದಿದ್ದ ಮಮಾಡಿ ಡಿಯಾಕಿಟೆ 17 ಅಂಕ ಗಳಿಸಿದ.

ಅಂದು ರಾತ್ರಿ ಅಭಿಮಾನಿಗಳಿಗೆ ಮಾತಿನ ಎರಡು ದಾರಿಗಳಿದ್ದವು. ಹದಿನಾರನೆಯ ತಂಡವನ್ನು ಸೋಲಿಸಲು ಇಷ್ಟು ತಿಣುಕಬೇಕೇ, ಇವರು ಎಲ್ಲಿ ಸುಧಾರಿಸಿದರು ಎನ್ನುವುದು ಒಂದು ದಾರಿ. ಹದಿನೈದು ಅಂಕಗಳ ಗೆಲುವಾಯಿತು, ಹಳೆಯ ಕಳಂಕ ತೊಳೆಯಿತು ಎಂದು ಕುಣಿಯುವುದು ಇನ್ನೊಂದು ದಾರಿ. ನಮಗೆ ತೋರುವಂತೆ ಎರಡೂ ಫಲಕವನ್ನು ನೋಡಿ ಆಡುವ ಮಾತುಗಳೇ. ಆಟವನ್ನು ನೋಡಿದವನು ಮೂರನೆಯ ಮಾತನ್ನು ಆಡಬೇಕಿತ್ತು: 'ಹೋದ ವರ್ಷ ಹಿಂದೆ ಬಿದ್ದಾಗ ನಮ್ಮ ಹುಡುಗರು ಚದರಿಹೋದರು, ಈ ವರ್ಷ ಇನ್ನೂ ಹೆಚ್ಚು ಬೇಗ ಹಿಂದೆ ಬಿದ್ದರು, ಆದರೂ ಚದರಲಿಲ್ಲ.' ಆ ಪಂದ್ಯದಲ್ಲಿ ಸುಧಾರಣೆ ಇದ್ದದ್ದು ಅಷ್ಟರಲ್ಲಿಯೇ. ಆರಂಭದಿಂದಲೇ ಮುಂದಿದ್ದು 30 ಅಂಕಗಳಿಂದ ಗೆದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಅಂದು ಕಲಿತದ್ದು ಮುಂದೆ ಹೆಜ್ಜೆಹೆಜ್ಜೆಗೂ ಬೇಕಾಯಿತು. ಮಾರ್ಚ್ 30ರಂದು ಪರ್ಡ್ಯೂ ತಂಡದೊಡನೆ ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಚೆಂಡು ತಮ್ಮ ಅರ್ಧದೊಳಕ್ಕೇ ಹಿಂದೆ ಹಾರಿತು. ಬೆನ್ನಟ್ಟಿ ಹೋಗಿ ಅದನ್ನು ಹಿಡಿದವನು ಕಿಹೈ ಕ್ಲಾರ್ಕ್. ತಾನೇ ದೂರದಿಂದ ಎಸೆಯುವ ಆಸೆಗೆ ಬೀಳದೆ ಡಿಯಾಕಿಟೆಗೆ ನೀಳವಾಗಿ ದಾಟಿಸಿದ. ಡಿಯಾಕಿಟೆಯ ಎಸೆತ ಸಮಯ ಮುಗಿಯುತ್ತಿದ್ದಂತೆ ಬುಟ್ಟಿ ಸೇರಿ ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಗೆಲುವು 80–75. ಉಪಾಂತ್ಯದಲ್ಲಿ ಆಬರ್ನ್ ವಿರುದ್ಧ ಎರಡು ಅಂಕ ಹಿಂದಿದ್ದು 0.6 ಸೆಕೆಂಡು ಉಳಿದಿದ್ದಾಗ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕವು. ಭಯವೆಂದರೆ ಏನೆಂದು ಬರೆದಿದ್ದ ಅದೇ ಹುಡುಗ ಮೂರನ್ನೂ ಹಾಕಿದ. 63–62. ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನ ಅಂತಿಮ ಪಂದ್ಯದಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸಮ ಮಾಡಿದವನು ಹಂಟರ್. ಅವನದು 27 ಅಂಕ. ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಗೆದ್ದು, ತನ್ನ ಇನ್ನೂರನೆಯ ವರ್ಷದಲ್ಲಿದ್ದ ಆ ವಿಶ್ವವಿದ್ಯಾಲಯ ಪುರುಷರ ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು.

ಇದರಲ್ಲಿ ಅದೃಷ್ಟವಿರಲಿಲ್ಲವೇ? ಖಂಡಿತ ಇತ್ತು. ಡಿಯಾಕಿಟೆಯ ಎಸೆತ ಅಂಚಿಗೆ ತಾಗಿ ಹೊರಬಿದ್ದಿದ್ದರೆ ಪ್ರಶಸ್ತಿಯೂ ಇಲ್ಲ, ಈ ಲೇಖನವೂ ಇಲ್ಲ. ಆದರೆ ಆಗಲೂ ಹುಡುಗರು ಕಲಿತ ವಿದ್ಯೆ ಸುಳ್ಳಾಗುತ್ತಿರಲಿಲ್ಲ. ಅಭಿಮಾನಿಗಳು ಒಪ್ಪಿಕೊಳ್ಳಲು ಹಿಂಜರಿಯುವ ಸತ್ಯ ಇದೇ.

ಕಥೆ ಇಲ್ಲಿಗೇ ನಿಂತಿದ್ದರೆ ನೀತಿಪಾಠವಾಗಿ ಮುಗಿಯುತ್ತಿತ್ತು. ಬದುಕು ಅಷ್ಟು ಸರಳವಲ್ಲ. ನಾಲ್ಕು ವರ್ಷಗಳ ಅನಂತರ, 2023ರ ಮಾರ್ಚ್ 16ರಂದು, ಹಳೆಯ ಸೋಲಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ವರ್ಜೀನಿಯಾ ಮೊದಲ ಸುತ್ತಿನಲ್ಲಿ ಫರ್ಮನ್ ತಂಡವನ್ನು ಎದುರಿಸಿತು. ಕೊನೆಯ ಸೆಕೆಂಡುಗಳಲ್ಲಿ 67–65ರ ಮುನ್ನಡೆ. ಚೆಂಡು ಕಿಹೈ ಕ್ಲಾರ್ಕ್‌ನ ಕೈಯಲ್ಲಿ. ಈಗ ಅವನು ಐದನೆಯ ಋತುವಿನ ಅನುಭವಿ; ಸಂಗಾತಿಗಳಿಗೆ ಅಂಕದ ದಾರಿ ಮಾಡಿಕೊಡುವ ದಾಟಿಸುವಿಕೆಯಲ್ಲಿ ವಿಶ್ವವಿದ್ಯಾಲಯದ ದಾಖಲೆಯೇ ಅವನದಾಗಿತ್ತು. ಮೂಲೆಯಲ್ಲಿ ಎದುರಾಳಿಗಳು ಮುತ್ತಿದಾಗ ಅವನು ಚೆಂಡನ್ನು ಎತ್ತಿ ದೂರಕ್ಕೆ ಎಸೆದ. ಅದು ಎದುರಾಳಿಯ ಕೈ ಸೇರಿತು, ಮರುಕ್ಷಣ ಮೂರಂಕದ ಎಸೆತವಾಗಿ ಬುಟ್ಟಿಗೆ ಬಿತ್ತು. 68–67. ವರ್ಜೀನಿಯಾ ಮನೆಗೆ ನಡೆಯಿತು.

ಒಂದು ಎಸೆತದಿಂದ ತಂಡವನ್ನು ಉಳಿಸಿದ ಕೈಯೇ ಇನ್ನೊಂದು ಎಸೆತದಿಂದ ಸೋಲಿಸಿತು. ಮೊದಲನೆಯದಕ್ಕೆ ಅವನನ್ನು ವೀರನೆಂದವರು ಎರಡನೆಯದಕ್ಕೆ ಏನೆನ್ನಬೇಕು? ಹುಡುಗ ಅವನೇ; ನಾಲ್ಕು ವರ್ಷಗಳ ದುಡಿಮೆ ಅವನಲ್ಲಿಯೇ ಇತ್ತು. ಅವನನ್ನು ಆ ಎರಡು ಎಸೆತಗಳಿಂದ ಅಳೆದರೆ ಅವನು ಕೆಟ್ಟನೆಂಬ ತೀರ್ಮಾನ ಬರುತ್ತದೆ, ಅದು ಶುದ್ಧ ಸುಳ್ಳು.

ಆ ಪಂದ್ಯದ ಮರುದಿನವೇ, ಒಂದನೆಯ ಶ್ರೇಯಾಂಕದ ಪರ್ಡ್ಯೂ ತಂಡ ಹದಿನಾರನೆಯ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63–58ರಿಂದ ಸೋತು ವರ್ಜೀನಿಯಾದ ಪಕ್ಕದಲ್ಲಿ ನಿಂತಿತು. ಮುಂದಿನ ವರ್ಷ ಅದೇ ಪರ್ಡ್ಯೂ ಅಂತಿಮ ಪಂದ್ಯದವರೆಗೆ ನಡೆದು, ಅಲ್ಲಿ ಕನೆಕ್ಟಿಕಟ್‌ಗೆ ಸೋತಿತು. ಪ್ರಶಸ್ತಿ ಬರಲಿಲ್ಲವೆಂದು ಆ ನಡಿಗೆ ಚಿಕ್ಕದಾಗುವುದೇ? ಬೆನೆಟ್ ಅವರು 2024ರ ಅಕ್ಟೋಬರಿನಲ್ಲಿ ತರಬೇತಿಯಿಂದ ನಿವೃತ್ತರಾದರು. ಅವರನ್ನು ಜನ ನೆನೆಯುವುದು ಪ್ರಶಸ್ತಿಗಾಗಿ ಮಾತ್ರವಲ್ಲ, ಅದರ ಹಿಂದಿನ ವರ್ಷ ಅವರು ನಡೆದುಕೊಂಡ ರೀತಿಗಾಗಿಯೂ ಹೌದು.

ತಾಯಂದಿರೇ, ತಂದೆಯರೇ, ನಾವೂ ಒಂದು ಬಗೆಯಲ್ಲಿ ಅಭಿಮಾನಿಗಳೇ ಅಲ್ಲವೇ? ನಮ್ಮ ಮನೆಗಳಲ್ಲಿ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಓಟದಲ್ಲಿ ಓಡುತ್ತಾರೆ, ವೇದಿಕೆಯ ಮೇಲೆ ಹಾಡುತ್ತಾರೆ. ಅಂಕಪಟ್ಟಿ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಓಡುವುದು ಒಟ್ಟು ಮೊತ್ತದ ಕಡೆಗೆ. ಮೊತ್ತ ಹೆಚ್ಚಿದ್ದರೆ ಬೀದಿಗೆಲ್ಲ ಪೇಡೆ, ಕಡಿಮೆಯಿದ್ದರೆ ಮನೆಯಲ್ಲಿ ಮೌನ. ಹೋದ ಸಲ ಲೆಕ್ಕದಲ್ಲಿ ಅರ್ಧದಲ್ಲಿಯೇ ಅಳುತ್ತ ಕೈಬಿಟ್ಟ ಮಗು ಈ ಸಲ ಕೊನೆಯವರೆಗೂ ಕುಳಿತು ಬಿಡಿಸಿತೇ ಎಂಬುದು ಅಂಕಪಟ್ಟಿಯಲ್ಲಿ ಅಚ್ಚಾಗಿರುವುದಿಲ್ಲ. ಅದನ್ನು ನಾವು ಕೇಳಿಯೇ ತಿಳಿಯಬೇಕು, ಕೇಳಬೇಕಾದದ್ದು ಪೇಡೆ ಹಂಚುವ ದಿನವೇ.

ಇನ್ನು ಮುಂದೆ ನಿಮ್ಮ ಮಗು ಗೆದ್ದು ಮನೆಗೆ ಬಂದಾಗ ಮೊದಲು ಬಾಯಿ ಸಿಹಿ ಮಾಡಿರಿ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, 'ನಡುವೆ ಕಷ್ಟವಾದಾಗ ಏನು ಮಾಡಿದೆ, ಮಗೂ?' ಎಂದು ಕೇಳಿರಿ. ಸೋತು ಬಂದ ದಿನವೂ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿರಿ. ಎರಡೂ ದಿನ ನಿಮ್ಮ ದನಿ ಬದಲಾಗದಿದ್ದರೆ, ಮುಂದಿನ ಸಲ ಹಿಂದೆ ಬಿದ್ದಾಗ ಆ ಮಗು ಚದರುವುದಿಲ್ಲ.